ಮೂಲೆಯಿದ್ದ ಬಂಡೆ

ನಮ್ಮ ಭಾವನ ಕಿವಿಯ ಬಗ್ಗೆ ನಾನು ಹೇಳುವುದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂಬುದು ನನಗೂ ನೆನಪಿಲ್ಲ. ಎರಡು ಓಣಿ ಆಚೆ ಇರುವೆ ಕೆಮ್ಮಿದರೆ ಅವರಿಗೆ ಎಚ್ಚರವಾಗುತ್ತಿತ್ತು. ನನ್ನ ಅಕ್ಕ ಅಡುಗೆಮನೆಯಲ್ಲಿ ಮನಸ್ಸಿನೊಳಗೇ ಬೈದುಕೊಂಡರೂ ಹೊರಗಿನ ಕೋಣೆಯಿಂದ ಉತ್ತರ ಬರುತ್ತಿತ್ತು.

ಆ ಕಿವಿಯೇ ಅವರ ಅನ್ನ. ಫೋನಿನ ಟವರ್ ನಿಲ್ಲಿಸುವ ಮೊದಲು ಮಣ್ಣು ಪರೀಕ್ಷೆ ಮಾಡುವುದು ನಮ್ಮಿಬ್ಬರ ಕಸುಬು. ಟ್ರೈಪಾಡಿಗೆ ರಾಟೆ ಕಟ್ಟಿ, ಅರವತ್ತಮೂರೂವರೆ ಕಿಲೋ ಕಬ್ಬಿಣದ ಗುಂಡನ್ನು ಎರಡೂವರೆ ಅಡಿ ಎತ್ತಿ ಕೊಳವೆಯ ತಲೆ ಮೇಲೆ ಬಿಡಬೇಕು. ಹಗ್ಗ ಎಳೆಯುವವನು ನಾನು, ಏಟು ಎಣಿಸುವವರು ಭಾವ. ಐದು ಏಟಿಗೆ ಕೊಳವೆ ಒಂದಡಿ ಇಳಿದರೆ ಮೆತ್ತನೆ ಮಣ್ಣು. ಐವತ್ತು ಬಿದ್ದರೂ ಇಳಿಯದಿದ್ದರೆ ಬಂಡೆ ಸಿಕ್ಕಿತೆಂದು ಅನುಮಾನ. ಅನುಮಾನ ಅಷ್ಟೇ. ಕೊರೆಯುವ ಯಂತ್ರ ಹಾಕಿ ಇನ್ನೂ ಹತ್ತಡಿ ಇಳಿದು, ಕಲ್ಲಿನ ತುಂಡು ಹೊರತೆಗೆದು ನೋಡಿದ ಮೇಲೆಯೇ ವರದಿಯ ಹಾಳೆಯಲ್ಲಿ ಬಂಡೆ ಎಂದು ಬರೆಯಬೇಕು.

ಭಾವ ಕೊರೆಯುತ್ತಿರಲಿಲ್ಲ. ಕೊನೆಯ ಏಟಿಗೆ ಕೊಳವೆಗೆ ಕಿವಿಯಿಟ್ಟು, "ಬರ್ಕೊಳ್ಳಿ, ಬಂಡೆ," ಅನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಯಾರೂ ಎದುರಾಡಲಿಲ್ಲ. ನಾನಂತೂ ಆಡಲೇ ಇಲ್ಲ. ಆ ಯಂತ್ರ ಹೊರಬೇಕಾದ ಸೊಂಟ ನನ್ನದು.

ನಾನು ಹೇಳಹೊರಟ ಟವರಿಗೆ ನಾಲ್ಕು ಕಾಲು. ಮೂರನೇ ಕಾಲಿನ ಜಾಗದಲ್ಲಿ ಏಳಡಿಗೇ ಕೊಳವೆ ನಿಂತಿತು. ಭಾವ ಕಿವಿಯಿಟ್ಟು ಕಣ್ಣರಳಿಸಿದರು. "ಹಾಡ್ತಿದೆ ಕಣೋ! ಒಳ್ಳೆ ಜಾತಿ ಬಂಡೆ."

ತಿಂಗಳ ಮೇಲೆ ಅಲ್ಲಿ ಪಾಯ ತೋಡಲು ಜೆಸಿಬಿ ತಂದವನು ಭಾವನ ಅಳಿಯನೇ. ಮದುವೆಯಾಗಿ ಎಂಟು ತಿಂಗಳಾಗಿತ್ತು. ನಾವಿಬ್ಬರೂ ಮಣ್ಣಿನ ರಾಶಿ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು. ಅವನು ಇಳಿಜಾರಿನಲ್ಲಿ ಗಾಡಿ ಇಳಿಸಿ, ಗುಂಡಿಯ ತಳದಿಂದ ಕೂಗಿದ: "ಮಾವ, ನಿಮ್ಮ ಬಂಡೆ ಮೇಲೇ ನಿಂತಿದೀನಿ! ಇಲ್ಲೇ ಎರಡು ಕೋಣೆ ಮನೆ ಕಟ್ಕೊಂಡ್ಬಿಡ್ಲಾ?"

"ಕಟ್ಕೊಳ್ಳಿ ಅಳಿಯಂದ್ರೇ! ನನ್ನ ಮಗಳು ಮೂರು ಕೋಣೆ ಕೇಳ್ತಾಳೆ, ನೋಡ್ಕೊಳ್ಳಿ."

ಬಕೆಟ್ಟು ತಳದ ಕೆಸರು ಕೆರೆಯಿತು. ಗೆರೆ ಎಳೆದಂಥ ಒಂದು ಅಂಚು ಕಾಣಿಸಿತು. ಇನ್ನೊಮ್ಮೆ ಕೆರೆಯಿತು. ಆ ಅಂಚು ಒಂದು ಕಡೆ ಚೌಕವಾಗಿ ತಿರುಗಿತ್ತು.

ಭಾವನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

"ಲೋ... ಬಂಡೆಗೆ ಮೂಲೆ ಇರುತ್ತೇನೋ?"

ಬಚ್ಚಲಿಗೆ ಹೋಗಿ ಬರಲು ಅರ್ಧ ದಿನ ಹಿಡಿಯುತ್ತಿದ್ದ ಮೊಣಕಾಲು ಹೊತ್ತ ಆ ಮನುಷ್ಯ ಒಂದೇ ಉಸಿರಿಗೆ ಗುಂಡಿಯೊಳಗಿದ್ದರು. ಹಾರೆ ಎತ್ತಿ ಒಂದು ಏಟು ಹಾಕಿದರು. ಅಳಿಯ ಗಾಬರಿಯಾಗಿ ಎಂಜಿನ್ ಆರಿಸಿದ. ಇನ್ನೊಂದು ಏಟು. ಖಾಲಿ ಡ್ರಮ್ ಬಡಿದಂಥ ಸದ್ದು ನನ್ನ ಮಣ್ಣು ತುಂಬಿದ ಕಿವಿಗೂ ಕೇಳಿಸಿತು. ಕೆಳಗೆ ಟೊಳ್ಳು.

"ಇಳೀರಿ!"

"ಏನಾಯ್ತು ಮಾವ? ಇರಿ, ಬಕೆಟ್ ಎತ್ತಿ..."

"ಬಕೆಟ್ ಹಾಳಾಗ್ಲಿ, ಇಳಿಯೋ ಮುಂಡೇದೇ!"

ಎಂಟು ತಿಂಗಳಲ್ಲಿ ಮಾವ ಅವನಿಗೆ ಬೈದದ್ದು ಅದೇ ಮೊದಲು. ಬೈಗುಳದ ಏಟಿಗೇ ಅವನು ಕೆಳಗೆ ಹಾರಿದ. ಭಾವ ಅವನ ಕಾಲರ್ ಹಿಡಿದು ಇಳಿಜಾರಿನಲ್ಲಿ ಮೇಲಕ್ಕೆ ಎಳೆದರು. ಹತ್ತು ಹೆಜ್ಜೆ ಆಗಿರಲಿಲ್ಲ, ಹಿಂದೆ ಚಟೀರ್ ಎಂದಿತು. ಎಂಟು ಟನ್ ಗಾಡಿ ಹಿಂಬದಿ ಕೆಳಗಾಗಿ ಕುಸಿದು, ಮೂತಿ ಆಕಾಶಕ್ಕೆ ಮಾಡಿ ನಿಂತಿತು. ಕೆಳಗೆ ಎಲ್ಲೋ ನೀರು ಧುಳುಂ ಎಂದಿತು. ಯಾವ ಕಾಲದ್ದೋ ನೀರಿನ ತೊಟ್ಟಿ. ಮೇಲೆ ಚಪ್ಪಡಿ ಮುಚ್ಚಿ, ಮಣ್ಣು ತುಂಬಿ, ಎಲ್ಲರೂ ಮರೆತಿದ್ದರು.

ಅಳಿಯನ ಒಂದು ಚಪ್ಪಲಿ ಒಳಗೇ ಹೋಗಿತ್ತು. ಅವನು ಬರಿಗಾಲನ್ನೇ ನೋಡುತ್ತಿದ್ದ.

ಟವರ್ ಕಂಪನಿಯ ಎಂಜಿನಿಯರ್ ಓಡಿ ಬಂದ. "ಹಾಳೆಲಿ ಬಂಡೆ ಅಂತಿದೆಯಲ್ರೀ!"

"ನಾನೇ ಬರೆಸಿದ್ದು ಸ್ವಾಮಿ. ಕೊರೀಲಿಲ್ಲ," ಎಂದ ಭಾವ ನನ್ನತ್ತ ತಿರುಗಿದರು. "ಇಷ್ಟು ವರ್ಷದಲ್ಲಿ ಎಷ್ಟು ಕಡೆ ಹಿಂಗೆ ಬಂಡೆ ಅಂದಿದೀನೋ?"

ಕೇಳಿದ್ದಕ್ಕೆಲ್ಲ ಹತ್ತು ಪಟ್ಟು ಸೇರಿಸಿ ಉತ್ತರ ಕೊಡುವವನು ನಾನು. ಅವತ್ತು ನಿಜವಾದ ಲೆಕ್ಕವೇ ಸಾಕಷ್ಟು ದೊಡ್ಡದಿತ್ತು.

ಮರುದಿನ ಬೆಳಿಗ್ಗೆ ಭಾವ ಕೊರೆಯುವ ಯಂತ್ರವನ್ನು ಕೈಗಾಡಿಯಲ್ಲಿ ಹೇರಿಕೊಂಡು ನನ್ನ ಬಾಗಿಲಿಗೆ ಬಂದಿದ್ದರು.

"ಮೊದಲು ಆಸ್ಪತ್ರೆ ಹಿಂದಿನ ಟವರ್. ಅಲ್ಲೂ ಕೊರೀಲಿಲ್ಲ ನಾವು."

'ನಾವು' ಅಂದರು. ನನ್ನ ಸೊಂಟ ತುಟಿಪಿಟಕ್ಕೆನ್ನಲಿಲ್ಲ.