ಬರೋದಿಲ್ಲ ಅಂತ ಹೇಳಲು ಬರುತ್ತಿದ್ದವಳು

ಹೋದ ವಾರ ನಮ್ಮ ಬೀದಿಯಲ್ಲಿ ಯಾರೋ ಇದ್ದಿಲು ಹೊತ್ತಿಸಿದರು. ಇದ್ದಿಲು ಹಿಡಿಯುವಾಗಿನ ಮೊದಲ ಹೊಗೆ ಗಂಟಲು ಕೆರೆಯುತ್ತದೆ. ಅದರ ಹಿಂದೆಯೇ, ನೀರು ಚಿಮುಕಿಸಿದ ಹತ್ತಿ ಬಟ್ಟೆಗೆ ಕಾದ ಕಬ್ಬಿಣ ತಾಗಿದ ವಾಸನೆ ಬಂತು. ಈಗೆಲ್ಲ ಇಸ್ತ್ರಿಯವರು ಗ್ಯಾಸ್ ಇಟ್ಟುಕೊಂಡಿದ್ದಾರೆ. ಆ ವಾಸನೆ ಮೂಗಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. ಮಂಚದ ಮೇಲೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆ. ಕೈ ನಿಂತಿತು.

ನಾನಿರುವುದು ಜೆ.ಪಿ. ನಗರದಲ್ಲಿ, ತಂಗಿಯ ಮಗಳ ಮನೆಯಲ್ಲಿ. ಮೂರನೇ ಮಹಡಿ, ಲಿಫ್ಟಿಲ್ಲ. ಮಂಡಿ ಹೋದ ಮೇಲೆ ನಾಲ್ಕು ತಿಂಗಳಿಂದ ಕೆಳಗೆ ಇಳಿದಿಲ್ಲ. ಭಾನುವಾರದ ಆರಾಧನೆಯನ್ನೂ ಫೋನಿನಲ್ಲೇ ನೋಡುತ್ತೇನೆ.

"ದೊಡ್ಡಮ್ಮ, ಕಿಟಕಿ ಹಾಕ್ಲಾ? ಹೊಗೆ ಬರ್ತಿದೆ," ಅಂದಳು ತಂಗಿಯ ಮಗಳು.

"ಬೇಡ, ಇರ್ಲಿ."

"ಕೆಮ್ಮು ಬರುತ್ತೆ ನಿಮಗೆ."

"ಬಂದ್ರೆ ಕೆಮ್ತೀನಿ, ಬಿಡು."

ಆ ವಾಸನೆ ಇಸ್ತ್ರಿ ಅಕ್ಕನದು. ಅವಳ ಹೆಸರು ನನಗೆ ಗೊತ್ತಿತ್ತು. ಆದರೆ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, ಈಗಲೂ ಬರೆಯುವುದಿಲ್ಲ.

ಆಗ ನನಗೆ ಇಪ್ಪತ್ತೆಂಟು. ಮದುವೆಯಾಗಿ ಕತ್ರಿಗುಪ್ಪೆಯ ಒಂದು ಒಂಟಿ ಕೋಣೆಗೆ ಬಂದೆ. ಮೂಲೆಯಲ್ಲಿ ಸ್ಟೋವು, ಹಿಂದೆ ಬಚ್ಚಲು, ಬೀದಿ ಕಡೆಗೆ ಐದು ಸರಳಿನ ಒಂದು ಕಿಟಕಿ. ಗಂಡ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್. ಬೆಳಗ್ಗೆ ಏಳಕ್ಕೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದರೆ ಸಂಜೆ ಏಳಕ್ಕೆ ಬಂದು ತೆಗೆಯುತ್ತಿದ್ದ. ಯಾಕೆ ಅಂದರೆ ಅನುಮಾನ. ಯಾರ ಮೇಲೆ ಅಂತ ಅವನಿಗೂ ಗೊತ್ತಿರಲಿಲ್ಲ. ಹೊಡೆಯುತ್ತಿದ್ದನೇ ಅಂತ ಕೇಳುತ್ತಾರೆ ಜನ. ಹೊಡೆಯುತ್ತಿದ್ದ. ಅದು ಆಗೊಮ್ಮೆ ಈಗೊಮ್ಮೆ. ಬೀಗ ದಿನಾ.

ಬೀದಿಯವರಿಗೆಲ್ಲ ಗೊತ್ತಿತ್ತು. ಗಂಡ ಹೆಂಡಿರ ವಿಷಯ ಅಂತ ಸುಮ್ಮನಿದ್ದರು. ನನ್ನ ಅಣ್ಣ ಒಮ್ಮೆ ಬಂದು ಕಿಟಕಿಯಲ್ಲೇ ಮಾತಾಡಿಸಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಂತ ಹೇಳಿ, ಒಂದು ಡಜನ್ ಬಾಳೆಹಣ್ಣನ್ನು ಸರಳಿನಲ್ಲಿ ಒಂದೊಂದಾಗಿ ತೂರಿಸಿ ಹೋದ. ಅಷ್ಟೇ ತವರು.

ಆ ಕೋಣೆಯಲ್ಲಿ ಮಾಡಲು ಏನಿತ್ತು? ಬಿಸಿಲು ನೋಡುವುದು. ಸರಳಿನ ನೆರಳು ಬೆಳಗ್ಗೆ ಗೋಡೆಯ ಮೇಲಿರುತ್ತಿತ್ತು, ಹನ್ನೆರಡಕ್ಕೆ ನೆಲಕ್ಕೆ ಇಳಿಯುತ್ತಿತ್ತು, ಮೂರಕ್ಕೆ ಸ್ಟೋವಿನ ಹತ್ತಿರ ಬರುತ್ತಿತ್ತು. ಗಡಿಯಾರವಿರಲಿಲ್ಲ, ಬೇಕಾಗಿಯೂ ಇರಲಿಲ್ಲ...

ಮೂರು ತಿಂಗಳಾದ ಮೇಲೆ ಒಂದು ದಿನ ಕಿಟಕಿಯ ಮುಂದಿನ ಹೊಂಗೆ ಮರದ ಕೆಳಗೆ ಒಂದು ತಳ್ಳುಗಾಡಿ ಬಂದು ನಿಂತಿತು. ನಲವತ್ತೈದರ ಹೆಂಗಸು, ಮಣಿಕಟ್ಟಿನವರೆಗೂ ಸುಟ್ಟ ಕಲೆ, ಗಂಟಲು ದೊಡ್ಡದು.

"ಯಾರಮ್ಮ ಒಳಗೆ? ಬಟ್ಟೆಗೆ ಚಿಮುಕ್ಸೋಕೆ ಒಂದ್ ಚೊಂಬು ನೀರು ಕೊಡ್ತೀಯಾ?"

"ಬಾಗಿಲಿಗೆ ಬೀಗ ಇದೆ."

"ಬಾಗಿಲನ್ನ ನಾನು ಕೇಳಿಲ್ವಲ್ಲ. ಸರಳಲ್ಲಿ ಕೊಡು. ಚೊಂಬು ತೂರದೇ ಇದ್ರೆ ಲೋಟದಲ್ಲಿ ಕೊಡು."

ಐದು ಲೋಟ ಕೊಟ್ಟೆ. ಬೀಗ ಯಾಕೆ ಅಂತ ಅವಳು ಕೇಳಲಿಲ್ಲ. ಅದಕ್ಕೇ ಅವಳ ಹತ್ತಿರ ಮಾತಾಡಿದೆ.

ಅವಳು ಹೊಸಕೆರೆಹಳ್ಳಿಯಿಂದ ನಡೆದು ಬರುತ್ತಿದ್ದಳು. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಚರ್ಚಿಗೆ ಹೋಗುವವಳು ಅಂತ ತಿಳಿಯಲು ವಾರವೇ ಬೇಕಾಯಿತು. ಅವಳಾಗಿ ಹೇಳಿಕೊಳ್ಳುತ್ತಿರಲಿಲ್ಲ. ಅವಳಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಸಂಜೆ ಹೊರಡುವಾಗ ನಾಳೆ ಬರ್ತೀನಿ ಅನ್ನುತ್ತಿದ್ದಳು. ಮಾರನೇ ದಿನ ಬರಲಾಗದಿದ್ದರೆ ಅಷ್ಟು ದೂರ ನಡೆದು ಬಂದು ಅದನ್ನು ಹೇಳಿ ಹೋಗುತ್ತಿದ್ದಳು.

"ಇವತ್ತು ಬರೋದಿಲ್ಲ ಅಂತ ಹೇಳೋಕೆ ಬಂದೆ. ಮೈ ಸುಡ್ತಿದೆ."

"ಬಂದೇ ಬಿಟ್ರಲ್ಲಕ್ಕ!"

"ಬಂದಿದ್ದು ಹೇಳೋಕೆ. ಬಂದಿಲ್ಲ ಅಂತಲೇ ಅಂದ್ಕೋ."

ಅವಳಿಗೆ ಹುಚ್ಚು ಅಂತ ನಗುತ್ತಿದ್ದೆ. ಆಮೇಲೆ ಅರ್ಥವಾಯಿತು. ಕಿಟಕಿಯೊಳಗೆ ಕೂತು ಕಾಯುವವಳಿಗೆ, ಬರುವುದಿಲ್ಲ ಅಂತ ಗೊತ್ತಿರುವ ದಿನ ಬೇರೆ, ಗೊತ್ತಿಲ್ಲದ ದಿನ ಬೇರೆ.

ಒಂದು ದಿನ ನನ್ನ ಕೆನ್ನೆ ನೋಡಿ ಅವಳೇ ಹೇಳಿದಳು. "ಒಡೀಲಾ ಬೀಗ? ಇಸ್ತ್ರಿ ಪೆಟ್ಟಿಗೆ ಏಳು ಕೆ.ಜಿ. ಇದೆ. ಎರಡೇಟು ಸಾಕು."

"ಒಡೆದ್ರೆ ಎಲ್ಲಿಗೆ ಹೋಗ್ಲಿ?"

"ಅದು ಆಮೇಲಿನ ಮಾತು."

"ಬೇಡಕ್ಕ."

"ಸರಿ ಬಿಡು. ಯಾವತ್ತು ಹೇಳ್ತೀಯೋ ಅವತ್ತು ಇರ್ತೀನಿ."

ನಾನು ಹೇಡಿ. ಒಂದು ವರ್ಷ ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ, ಗಾಡಿಯನ್ನೂ ಬೇರೆ ಕಡೆ ಒಯ್ಯಲಿಲ್ಲ.

ಹೊಸ ವರ್ಷಕ್ಕೆ ಅವರ ಚರ್ಚಿನಲ್ಲಿ ಒಂದು ಪದ್ಧತಿ. ತಟ್ಟೆಯಲ್ಲಿ ಚಿಕ್ಕ ಚಿಕ್ಕ ಕಾರ್ಡು ಮಗುಚಿ ಇಟ್ಟಿರುತ್ತಾರೆ. ಪ್ರಾರ್ಥನೆ ಮಾಡಿ ಒಂದು ತೆಗೆಯಬೇಕು. ಅದರಲ್ಲಿರುವ ವಾಕ್ಯ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ವಾಗ್ದಾನ ಅನ್ನುತ್ತಾರೆ. ಅಕ್ಕ ತನಗೊಂದು, ನನಗೊಂದು ತೆಗೆದುಕೊಂಡು ಬಂದಳು.

"ನಮ್ಮಲ್ಲಿ ವಾಗ್ದಾನ ಅಂದ್ರೆ ಹೆಣ್ಣು ಕೊಡ್ತೀವಿ ಅಂತ ಮಾತು ಕೊಡೋದು," ಅಂದೆ. "ಒಂದ್ಸಲ ಆಗಿದೆ, ಸಾಕು."

"ಬಾಯ್ ಮುಚ್ಕೊಂಡು ಓದೇ."

ನನಗೆ ಎರಡನೇ ಕ್ಲಾಸು, ಅವಳಿಗೆ ಅದೂ ಇಲ್ಲ. ಸರಳಿನ ಆಚೆ ಅವಳು, ಈಚೆ ನಾನು, ಇಬ್ಬರೂ ಸೇರಿ ಒಂದೊಂದೇ ಅಕ್ಷರ ಕೂಡಿಸಿದೆವು. ಇಡೀ ವಾಕ್ಯ ಹತ್ತಲಿಲ್ಲ. ನಿನ್ನನ್ನು ಕಾಯುವವನು ಅನ್ನುವಲ್ಲಿಗೆ ನಿಂತೆವು. ನನಗೆ ನಗು ಬಂದುಬಿಟ್ಟಿತು.

"ಅಯ್ಯೋ ಅಕ್ಕ, ಇದು ನನ್ನ ಗಂಡನೇ ಬರೆದುಕೊಟ್ಟ ಹಾಗಿದೆ. ಗೇಟು ಕಾಯೋದು, ಹೆಂಡ್ತಿ ಕಾಯೋದು, ಅವನ ಕೆಲಸವೇ ಅದು."

ಅವಳು ನಗಲಿಲ್ಲ. "ಕಾಯೋದು ಅಂದ್ರೆ ಬೀಗ ಹಾಕೋದಲ್ಲ ಕಣೇ. ಬಸ್ಸು ಕಾಯಲ್ವಾ? ಹಂಗೆ ಕಾಯೋದು."

"ಹಾಗಾದ್ರೆ ನಿಮ್ಮ ದೇವ್ರು ಬಸ್‌ಸ್ಟಾಪಲ್ಲಿ ನಿಂತಿದ್ದಾನೆ ಅನ್ನಿ."

"ನಿಂತಿದ್ದಾನೆ. ನೀನು ಇಳೀಬೇಕು, ಅಷ್ಟೆ."

ಆಮೇಲೆ ಎಷ್ಟೋ ವರ್ಷಕ್ಕೆ ಒಬ್ಬ ಪಾಸ್ಟರು ಹೇಳಿದರು, ಆ ವಾಕ್ಯದಲ್ಲಿ ಕಾಯುವವನು ಅಂದರೆ ಕಾಪಾಡುವವನು ಅಂತ. ಇರಬಹುದು, ಓದಿದವರು. ಅಕ್ಕ ಅರ್ಥ ತಪ್ಪಾಗಿ ಹಿಡಿದಿದ್ದಳು. ಹಿಡಿದಂತೆಯೇ ನಡೆದಳು.

ಆ ಕಾರ್ಡನ್ನು ಗೋಡೆಯ ಗೂಡಿನಲ್ಲಿ ಹಾಸಿದ್ದ ಪೇಪರಿನ ಕೆಳಗೆ ಇಟ್ಟಿದ್ದೆ. ಬೇಸಿಗೆಯಲ್ಲಿ ಒಂದು ಗುರುವಾರ ಸಂಜೆ ಬೆಂಕಿಪೊಟ್ಟಣ ಹುಡುಕುವಾಗ ಗಂಡನ ಕೈಗೆ ಸಿಕ್ಕಿತು. ಯಾರು ಕೊಟ್ಟಿದ್ದು ಅಂದ. ಹೇಳಿಬಿಟ್ಟೆ. ಸುಳ್ಳು ಹೇಳಲೂ ಧೈರ್ಯ ಬೇಕು. ಅವನು ಅವತ್ತು ಹೊಡೆಯಲಿಲ್ಲ. ಕಾರ್ಡು ಹರಿದು, ಕಿಟಕಿಯನ್ನು ಗೇಣಿನಲ್ಲಿ ಅಳೆದ.

"ನಾಳೆ ಮೂರು ಗಂಟೆಗೆ ಆಳು ಕರ್ಕೊಂಡು ಬರ್ತೀನಿ. ತಗಡು ಹೊಡೆಸ್ತೀನಿ. ಯಾರ ಜೊತೆ ಮಾತಾಡ್ತೀಯೋ ಮಾತಾಡು."

ದೇವರ ಮಾತು ನನ್ನನ್ನು ಕಾಪಾಡುವುದಿರಲಿ, ಸಿಕ್ಕಿಹಾಕಿಸಿತು. ಆ ಒಂದು ಚೌಕ ಬೆಳಕೂ ಹೋಗುತ್ತದೆ ಅಂತ ಗೊತ್ತಾದಾಗ ಇನ್ನು ಸಾಕು ಅನ್ನಿಸಿತು. ನಾಳೆ ಅಕ್ಕ ಬಂದ ತಕ್ಷಣ ಒಡೀರಿ ಅನ್ನುತ್ತೇನೆ ಅಂತ ತೀರ್ಮಾನಿಸಿದೆ.

ಮಾರನೇ ದಿನ ಅವಳು ಬರಲಿಲ್ಲ.

ಗಾಡಿ ಮರಕ್ಕೆ ಸರಪಳಿ ಹಾಕಿಕೊಂಡು, ಟಾರ್ಪಾಲು ಹೊದ್ದು ನಿಂತಿತ್ತು. ಎಂಟಾಯಿತು, ಹತ್ತಾಯಿತು. ಬರುವುದಿಲ್ಲ ಅಂತ ಹೇಳಲೂ ಯಾರೂ ಬರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕೂಗಿದೆ. ಒಬ್ಬ ನಿಂತು ನೋಡಿ ಹೋದ. ಸರಳಿನ ನೆರಳು ನೆಲಕ್ಕೆ ಇಳಿಯಿತು. ಅವಳನ್ನೂ ಬೈದೆ, ಅವಳ ದೇವರನ್ನೂ ಬೈದೆ. ಎಲ್ಲರದ್ದೂ ಬರೀ ಬಾಯಿಮಾತು ಅಂದೆ. ನೆರಳು ಸ್ಟೋವಿನ ಕಡೆಗೆ ಸರಿಯತೊಡಗಿತು. ಸರಳು ಹಿಡಿದುಕೊಂಡು ನಿಂತಿದ್ದೆ. ಕೂರಲು ಆಗುತ್ತಿರಲಿಲ್ಲ...

ಎರಡು ಗಂಟೆಯ ಸುಮಾರಿಗೆ ಬೀದಿಯ ಕೊನೆಯಲ್ಲಿ ಬಿಳಿ ಸೀರೆ ಕಂಡಿತು. ಅವಳನ್ನು ಬಿಳಿಯಲ್ಲಿ ನಾನು ನೋಡಿರಲಿಲ್ಲ. ತಲೆಗೆ ಸೆರಗು ಹೊದ್ದು ಬಿರಬಿರನೆ ಬಂದಳು, ಉಸಿರು ಸಿಗುತ್ತಿರಲಿಲ್ಲ.

"ಇವತ್ತು ಬರೋದಿಲ್ಲ ಅಂತ ಹೇಳೋಕೆ ಬಂದೆ ಕಣೇ. ನಿನ್ನೆ ಹೇಳೋದು ಮರ್ತೇಹೋಯ್ತು. ಶುಭ ಶುಕ್ರವಾರ ಇವತ್ತು, ಆರಾಧನೆ ಇನ್ನೂ ನಡೀತಿದೆ. ಅರ್ಧಕ್ಕೇ ಎದ್ದು ಬಂದೆ."

ಆ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ನಾಲ್ಕನೆಯದು, ದೇವರೇ ಯಾಕೆ ನನ್ನ ಕೈಬಿಟ್ಟೆ ಅನ್ನುವುದು. ಕೈಬಿಟ್ಟೆ ಅಂದದ್ದು ಕಿವಿಗೆ ಬಿದ್ದದ್ದೇ ಅಕ್ಕನಿಗೆ ನನ್ನ ಕಿಟಕಿ ನೆನಪಾಯಿತಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ನಾನು ಹೇಳಿದ್ದು ಒಂದೇ ಮಾತು.

"ಅಕ್ಕ, ಒಡೀರಿ. ಮೂರಕ್ಕೆ ಅವನು ಬರ್ತಾನೆ."

ಏಳು ಕೆ.ಜಿ. ಪೆಟ್ಟಿಗೆ ಅವಳ ಮನೆಯಲ್ಲಿ ತಣ್ಣಗೆ ಕೂತಿತ್ತು. ಎದುರು ಕಟ್ಟುತ್ತಿದ್ದ ಮನೆಯ ಮುಂದಿನಿಂದ ಒಂದು ಕಲ್ಲು ಎತ್ತಿಕೊಂಡು ಬಂದಳು. ಎರಡೇಟಲ್ಲ, ಹತ್ತು ಹನ್ನೆರಡು ಏಟು ಬಿತ್ತು. ಬೀಗ ಒಡೆಯಲೇ ಇಲ್ಲ. ಮರದಿಂದ ಕೊಂಡಿಯೇ ಕಿತ್ತು ಬಂತು. ಎದುರು ಮನೆಯಾಕೆ ಹೊರಗೆ ಬಂದು, "ಏ ಇಸ್ತ್ರಿ, ಆ ಪುಣ್ಯಾತ್ಮ ಬಂದು ಕೇಳಿದ್ರೆ ನಾವೇನ್ ಹೇಳೋಣ?" ಅಂದಳು.

"ನಾನೇ ಒಡೆದೆ ಅಂತ ಹೇಳಿ. ನಾಳೆ ಇಲ್ಲೇ ಇರ್ತೀನಿ, ಬಂದು ಕೇಳ್ಲಿ."

ಬಾಗಿಲು ತೆರೆಯಿತು. ನಾನು ಹೊಸ್ತಿಲಲ್ಲೇ ನಿಂತೆ. ನಾಚಿಕೆಯ ಮಾತು, ಆದರೂ ಬರೆಯುತ್ತೇನೆ. ಕಾಲು ಬರಲಿಲ್ಲ.

"ಚಪ್ಪಲಿ ಇಲ್ಲ ಅಕ್ಕ," ಅಂದೆ.

ಅವಳು ತನ್ನದನ್ನು ಬಿಟ್ಟು ಕಾಲಿನಿಂದಲೇ ನನ್ನ ಕಡೆಗೆ ನೂಕಿದಳು. ಆ ಬಿಸಿಲಿನಲ್ಲಿ ಚರ್ಚಿನವರೆಗೂ ಬರಿಗಾಲಲ್ಲಿ ನಡೆದಳು. ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆವು. ಹೆಂಗಸರೆಲ್ಲ ಬಿಳಿ ಉಟ್ಟು ಅಳುತ್ತಿದ್ದರು. ನನ್ನ ಕಥೆ ಇವರಿಗೆ ಇಷ್ಟು ಬೇಗ ಹೇಗೆ ಗೊತ್ತಾಯಿತು ಅಂತ ಆಶ್ಚರ್ಯಪಟ್ಟೆ. ಅಳು ನನಗಾಗಿ ಅಲ್ಲ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಪಾಸ್ಟರಮ್ಮ ಅವತ್ತೇ ನನ್ನನ್ನು ದೂರದ ಊರಿನ ಒಂದು ಹಾಸ್ಟೆಲಿಗೆ ಅಡುಗೆ ಕೆಲಸಕ್ಕೆ ಕಳಿಸಿದರು. ಯಾವ ಊರು ಅಂತ ಅಕ್ಕ ಕೇಳಿಸಿಕೊಳ್ಳಲೂ ಒಪ್ಪಲಿಲ್ಲ. "ನನಗೆ ಹೇಳ್ಬೇಡಿ. ಅವನು ಬಂದು ಹೊಡೆದು ಕೇಳಿದ್ರೆ ಬಾಯ್ ಬಿಟ್ಟುಬಿಡ್ತೀನೇನೋ."

"ನಾನೇ ಬಂದು ನೋಡ್ತೀನಿ ಅಕ್ಕ," ಅಂದೆ.

"ಬಾ. ಅಲ್ಲೇ ಇರ್ತೀನಿ."

ಆ ಹಾಸ್ಟೆಲಿನ ಮಕ್ಕಳ ಹತ್ತಿರ ಓದು ಬರಹ ಕಲಿತೆ. ಕೆಲವು ವರ್ಷದ ಮೇಲೆ ನಾನು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾದೆ. ಅಕ್ಕ ಕರೆದದ್ದಕ್ಕಲ್ಲ, ಅವಳು ಒಂದು ದಿನವೂ ಕರೆದಿರಲಿಲ್ಲ. ಆರನೇ ವರ್ಷ ಜೆ.ಪಿ. ನಗರದ ಒಂದು ಹಾಸ್ಟೆಲಿಗೆ ಕೆಲಸ ಸಿಕ್ಕಿ ಮತ್ತೆ ಬೆಂಗಳೂರಿಗೆ ಬಂದೆ. ಇಲ್ಲಿಂದ ಕತ್ರಿಗುಪ್ಪೆ ಅರ್ಧ ಗಂಟೆಯ ದಾರಿ. ಹೋಗಲಿಲ್ಲ. ಗಂಡನ ಹೆದರಿಕೆಗೆ, ಆ ಕಡೆಯ ಬಸ್ಸು ಬಂದರೆ ಸ್ಟಾಪಿನಿಂದ ಹಿಂದೆ ಸರಿಯುತ್ತಿದ್ದೆ. ಗಂಡ ಸತ್ತ ಸುದ್ದಿ ಬಂತು, ಆಗಲೂ ಹೋಗಲಿಲ್ಲ. ಅಲ್ಲಿಂದಾಚೆಗೆ ಹೆದರಿಕೆಯ ಜಾಗಕ್ಕೆ ನಾಚಿಕೆ ಬಂದು ಕೂತಿತು. ಇಷ್ಟು ವರ್ಷ ಬಿಟ್ಟು ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಇನ್ನಷ್ಟು ವರ್ಷ ಕಳೆದೆ.

ಹನ್ನೊಂದನೇ ವರ್ಷ ಹೋದೆ. ಹೊಂಗೆ ಮರವಿತ್ತು, ಗಾಡಿ ಇರಲಿಲ್ಲ. ಎದುರು ಮನೆಯಾಕೆ ನನ್ನನ್ನು ಗುರುತು ಹಿಡಿದಳು.

"ಈಗ ಬಂದ್ಯಾ ತಾಯಿ? ಒಳ್ಳೆ ಟೈಮಿಗೆ ಬಂದೆ. ಹೋಗಿ ಎಂಟು ತಿಂಗಳಾಯ್ತು. ಎದೆನೋವು ಅಂತ ಕೂತ್ಲು, ಏಳ್ಲಿಲ್ಲ."

ಅವಳೇ ಎಲ್ಲ ಹೇಳಿದಳು. ನಾನು ಹೋದ ಮಾರನೇ ದಿನ ಗಂಡ ಬಂದು ಗಾಡಿ ಉರುಳಿಸಿ ಚಕ್ರ ಮುರಿದನಂತೆ. ಎಂಟೇ ದಿನಕ್ಕೆ ಅಕ್ಕ ಅದನ್ನು ರಿಪೇರಿ ಮಾಡಿಸಿ ತಂದು ಅದೇ ಮರದ ಕೆಳಗೆ ನಿಲ್ಲಿಸಿದಳಂತೆ. ಜಯನಗರದಲ್ಲಿ ದೊಡ್ಡ ಮನೆಗಳ ಸಾಲಿನಲ್ಲಿ ಒಳ್ಳೆ ಜಾಗ ಸಿಕ್ಕಿತ್ತಂತೆ. ಒಪ್ಪಲಿಲ್ಲವಂತೆ.

"ಹೋಗೇ, ಒಳ್ಳೆ ಗಿರಾಕಿಗಳು ಸಿಗ್ತಾರೆ ಅಂತ ನಾವೆಲ್ಲ ಬೈದ್ವಿ. ಆ ಹುಡುಗಿ ಬರ್ತೀನಿ ಅಂದಿದ್ದಾಳೆ, ಬಂದ್ರೆ ನನ್ನ ಎಲ್ಲಿ ಅಂತ ಹುಡುಕ್ತಾಳೆ ಅಂತಿದ್ಲು. ನೀನು ಬರಲ್ಲ ಅಂತ ನಾನು ಆವತ್ತೇ ಹೇಳಿದ್ದೆ."

ಎದುರು ಮನೆಯಾಕೆ ಹೇಳಿದ್ದೇ ಸರಿ. ಹನ್ನೊಂದು ವರ್ಷದಲ್ಲಿ, ಬರೋದಿಲ್ಲ ಅಂತ ಹೇಳಲಾದರೂ ಒಂದು ದಿನ ನಾನು ಹೋಗಬಹುದಿತ್ತು.

ಹೊಸೂರು ರಸ್ತೆಯ ಸ್ಮಶಾನದಲ್ಲಿ ಹೂತರಂತೆ. ಹೋಗಿ ಹುಡುಕಿದೆ. ಹೆಸರಿನ ಕಲ್ಲು ಇರಲಿಲ್ಲ, ಯಾವ ಮಣ್ಣು ಅವಳದು ಅಂತ ಅಲ್ಲಿಯವರಿಗೂ ತಿಳಿಯಲಿಲ್ಲ. ಸುಮಾರಾಗಿ ಒಂದು ಕಡೆ ನಿಂತು ಬಂದೆ. ಅದು ಅವಳೋ ಬೇರೆ ಯಾರೋ.

ಈಗ ನನಗೆ ಎಪ್ಪತ್ತರ ಹತ್ತಿರ. ಬೆಳಗಿಂದ ಸಂಜೆಯವರೆಗೆ ಮತ್ತೆ ಒಂದೇ ಕೋಣೆ. ತಂಗಿಯ ಮಗಳು ಒಳ್ಳೆಯವಳು, ಬಾಗಿಲು ತೆರೆದೇ ಇರುತ್ತದೆ, ಇಳಿಯಲು ಕಾಲಿಲ್ಲ. ಹೋದ ಭಾನುವಾರ ಫೋನಿನಲ್ಲಿ ಪಾಸ್ಟರು, ದೇವರು ಕೊಟ್ಟ ಮಾತಿಗೆ ತಪ್ಪುವವನಲ್ಲ ಅಂತ ಹೇಳಿದರು. ಒಬ್ಬಳೇ ಕೂತಿದ್ದವಳು ಆಮೆನ್ ಅಂದೆ. ನಾನು ದೇವರನ್ನು ಕಂಡವಳಲ್ಲ. ಇಸ್ತ್ರಿ ಅಕ್ಕನನ್ನು ಕಂಡೆ, ಅವನು ಕಾಯುತ್ತಾ ನಿಂತಿದ್ದಾನೆ ಅಂತ ಅವಳು ಹೇಳಿದ್ದನ್ನು ನಂಬಿದೆ. ಕೆಲವು ದಿನ ಈ ಮಂಚದ ಮೇಲೆ ಅದು ಸಾಲುವುದಿಲ್ಲ. ನಿಜ ತಾನೇ ಅಕ್ಕ ಅಂತ ಇನ್ನೊಂದು ಸಲ ಕೇಳಬೇಕು ಅನ್ನಿಸುತ್ತದೆ. ಕೇಳೋಣ ಅಂದರೆ ಅವಳಿಲ್ಲ.