ಏಳುನೂರು ಮೈಲಿ, ಒಂದೇ ಗಂಟೆ

ಮೊನ್ನೆ ಮಗಳು ಎಲ್ಲಿಂದಲೋ ಹಳೆಯ ಡಯಲ್ ಫೋನೊಂದನ್ನು ತಂದು ಹಾಲಿನಲ್ಲಿ ಅಲಂಕಾರಕ್ಕಿಟ್ಟಳು. ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ. ಕನೆಕ್ಷನ್ನೇ ಇಲ್ಲದ ಫೋನು, ಆದರೂ ಆ ಕಡೆಯಿಂದ ಯಾರೋ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು... ಎದುರು ಮನೆಯ ಅಕ್ಕ ನೆನಪಾದರು.

ಎಪ್ಪತ್ತರ ದಶಕದ ಆರಂಭ. ಶಿಕಾಗೋದ ಅಪಾರ್ಟ್‌ಮೆಂಟಿನಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಅವರ ಯಜಮಾನರು ಎಂಜಿನಿಯರ್. ಕೆಲಸದ ಮೇಲೆ ಕೆನಡಾದ ಉತ್ತರದ ತುದಿಗೆ ಹೋಗುತ್ತಿದ್ದರು. ಯೆಲ್ಲೋನೈಫ್‌ನಿಂದ ಇನುವಿಕ್‌ಗೆ ಸಣ್ಣ ವಿಮಾನ. ಅದು ಇಳಿಯಿತೆಂದು ತಿಳಿಯುವವರೆಗೆ ಅಕ್ಕ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ಒಮ್ಮೆ ತಲೆಸುತ್ತಿ ಬಿದ್ದರು. ಆಮೇಲೆ ಯಜಮಾನರು, "ಇನ್ಮೇಲೆ ದೊಡ್ಡ ವಿಮಾನ ಕಣೇ, ಒಂದೇ ಗಂಟೆ ದಾರಿ," ಎಂದರಂತೆ.

ದೂರದ ಕರೆ ಆಗ ಬಲು ದುಬಾರಿ. ನಾವೆಲ್ಲ ಮಾಡುತ್ತಿದ್ದ ಉಪಾಯವನ್ನೇ ಅವರೂ ಮಾಡಿದ್ದರು. ಹತ್ತುವಾಗ ಯಜಮಾನರು ಟೆಲಿಫೋನ್ ಆಪರೇಟರ್ ಮೂಲಕ ಗಣಪತಿ ಎಂಬ ಇಲ್ಲದ ಆಸಾಮಿಯನ್ನು ಕೇಳಬೇಕು, ಇಳಿದ ಮೇಲೆ ಹನುಮಂತನನ್ನು. ಅಕ್ಕ "ಆತ ಮನೆಯಲ್ಲಿಲ್ಲ" ಎಂದರಾಯಿತು. ಕೇಳಿದವರು ಸಿಗದಿದ್ದರೆ ಬಿಲ್ಲಿಲ್ಲ. ಹನುಮಂತನ ಕರೆ ಬಂದೊಡನೆ ಅಕ್ಕ ಊಟಕ್ಕೆ ಕೂರುವರು.

ಒಂದು ದಿನ ಅವರ ಕೈ ಹಿಟ್ಟಾಗಿದ್ದರಿಂದ ಎರಡೂ ಕರೆಯನ್ನು ನಾನೇ ತೆಗೆದುಕೊಂಡೆ. ಎರಡರಲ್ಲೂ ಆಪರೇಟರ್ ಒಬ್ಬಳೇ ಹೆಂಗಸು, ಅದೇ ದನಿ. ಎರಡನೆಯ ಸಲ ಆಕೆ ನಗುತ್ತ, ಮತ್ತೆ ನಾನೇ, ಎಂದಳು. ನನ್ನ ಕಿವಿ ನೆಟ್ಟಗಾಯಿತು. ಎರಡು ಊರಿನ ಕರೆಗೆ ಒಬ್ಬಳೇ ಆಪರೇಟರ್ ಹೇಗೆ? ನಾನು ಮೊದಲೇ ಅನುಮಾನದ ಪ್ರಾಣಿ. ಅಕ್ಕನಿಗೂ ಹೇಳಿ, ಲೈಬ್ರರಿಯಿಂದ ಅಟ್ಲಾಸ್ ತಂದು ಎರಡೂ ಊರಿನ ನಡುವೆ ದಾರ ಹಿಡಿದು ಅಳೆದೆವು. ಹೆಚ್ಚುಕಡಿಮೆ ಏಳುನೂರು ಮೈಲಿ. ಅಲ್ಲಿಗೆ ಯಾವ ವಿಮಾನವೂ ಒಂದು ಗಂಟೆಗೆ ಮುಟ್ಟುವುದಿಲ್ಲ ಎಂದರು ನನ್ನವರು.

"ಹಾಗಾದ್ರೆ ಇವ್ರು ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಒಂದೇ ಕಡೆ ಕೂತಿರ್ತಾರೆ," ಎಂದರು ಅಕ್ಕ.

"ಯಾರ ಜೊತೆ?" ಎಂದೆ.

ಅಂದಿನಿಂದ ಅಕ್ಕ ಗಂಡನ ಅಂಗಿ ಮೂಸುವುದು, ಸೂಟ್‌ಕೇಸಿನ ಮೂಲೆ ತಡಕುವುದು ಶುರುವಾಯಿತು. ಕೂದಲೆಳೆಯೂ ಸಿಗಲಿಲ್ಲ. ಅಷ್ಟು ಹುಷಾರಾಗಿದ್ದಾರೆಂದರೆ ಏನೋ ಇದೆ ಎಂದೇ ನಾವು ತೀರ್ಮಾನಿಸಿದೆವು. "ಈ ಸಲ ಬರ್ಲಿ, ಎದುರಿಗೇ ಕೇಳ್ತೀನಿ," ಎಂದಿದ್ದರು ಅಕ್ಕ.

ಆ ಸಲವೂ ಹನುಮಂತನ ಕರೆ ಬಂತು. ಅಕ್ಕ ಮುಖ ಗಂಟಿಕ್ಕಿಕೊಂಡೇ ಉಂಡರು. ಸಂಜೆ ಕಂಪನಿಯವರಿಬ್ಬರು ಬಾಗಿಲಿಗೆ ಬಂದು, ಯಜಮಾನರು ಹತ್ತಿದ ಸಣ್ಣ ವಿಮಾನ ಇನುವಿಕ್ ಸೇರಲೇ ಇಲ್ಲ ಎಂದರು. ನನಗೆ ಆಗ ಹೊಳೆಯಿತು. ಹೆಂಡತಿ ಹಸಿದಿರಬಾರದೆಂದು ಆ ಮನುಷ್ಯ ವಿಮಾನ ಹತ್ತುವ ಮೊದಲೇ ಎರಡೂ ಕರೆ ಮಾಡಿ ಮುಗಿಸುತ್ತಿದ್ದರು. ಅದನ್ನೇ ಅಕ್ಕನಿಗೆ ಹೇಳಿದೆ.

"ಇಲ್ಲ ಕಣೇ, ನಿನ್ನ ಅನುಮಾನವೇ ಸರಿ. ಅವ್ರು ಯಾವಳ ಜೊತೇಲೋ ಇದಾರೆ," ಎಂದರು. ಬಾಗಿಲು ಹಾಕಿ ಬಂದು, "ಇರ್ಲಿ ಬಿಡು, ಇದ್ರೆ ಸಾಕು."

ಆಮೇಲೆ ಅಕ್ಕ ಡೆಟ್ರಾಯ್ಟ್‌ನ ತಮ್ಮನ ಮನೆ ಸೇರಿದರು. ಗಂಡನ ವಿಷಯ ಯಾರು ಕೇಳಿದರೂ, ನನ್ನನ್ನು ಬಿಟ್ಟು ಇನ್ನೊಬ್ಬಳ ಜೊತೆ ಹೋದರು ಎನ್ನುತ್ತಿದ್ದರಂತೆ... ಹೋದ ವರ್ಷ ತೀರಿಕೊಂಡರು. ಅಂಥ ಗಂಡನಿಗೆ ಹೆಂಡತಿಯನ್ನು ಬಿಟ್ಟು ಓಡಿದವನೆಂಬ ಹೆಸರು ಉಳಿಯಿತು. ಅಕ್ಕನೂ ಇಲ್ಲದ ಈಗ ಅದನ್ನು ಯಾರ ಮುಂದೆ ತಿದ್ದಲಿ?