ಅಲ್ಲಾಡಿಸಿ ನೋಡುವವರು

ನಾನು ತ್ರೀಡಿ ಪ್ರಿಂಟಿಂಗ್ ಕಲಿಸುತ್ತಿದ್ದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಬ್ಬರು ಅಟೆಂಡರ್ ಇದ್ದರು. ಮೊದಲು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿದ್ದವರು. ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳ ಹೇಗಿದೆಯೆಂದು ಹೇಳುತ್ತಿದ್ದ ಆ ಕೈ ಇಲ್ಲೂ ಸುಮ್ಮನಿರಲಿಲ್ಲ. ಪೆನ್‌ಡ್ರೈವ್, ಮೌಸ್, ಪುಸ್ತಕದ ಪಾರ್ಸೆಲ್, ಏನೇ ಕೊಟ್ಟರೂ ಮೊದಲು ಕಿವಿಗೆ ಹೋಗುತ್ತಿತ್ತು. "ಅಲ್ಲಾಡಿಸ್ದೆ ಏನೂ ಒಪ್ಕಬಾರ್ದು ಸಾ."

ಅವರನ್ನು ಮೆಚ್ಚಿಸಲೆಂದೇ ಕಾರ್ಯಾಗಾರದಲ್ಲಿ ಒಂದು ರೇಷ್ಮೆಗೂಡನ್ನು ಪ್ರಿಂಟ್ ಮಾಡಿ ಕೊಟ್ಟೆ. ಅಲ್ಲಾಡಿಸಿದರು. "ಪೊಳ್ಳು ಸಾ." ವಿದ್ಯಾರ್ಥಿಗಳೆಲ್ಲ ನಕ್ಕರು.

ಬಿಡುತ್ತೇನೆಯೇ? ಮರುದಿನ ಪ್ರಿಂಟರನ್ನು ಅರ್ಧಕ್ಕೆ ನಿಲ್ಲಿಸಿ, ಗೂಡಿನೊಳಗೊಂದು ಒಣ ಅವರೆಕಾಳು ಹಾಕಿ, ಉಳಿದರ್ಧ ಮುಗಿಸಿದೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಅಲ್ಲಾಡಿಸಿದರು.

"ಹುಳ ಐತೆ ಸಾ."

ಗೆದ್ದೆನೆಂದು ಬೀಗಿದೆ. ಅವರು ಗೂಡನ್ನು ನನ್ನ ಅಂಗೈಯಲ್ಲಿಟ್ಟು ಮೆಲ್ಲಗೆ ಸೇರಿಸಿದರು: "ಸತ್ತು ಶಾನೆ ದಿನ ಆಗೈತೆ."